ಮೂವತ್ತೆರಡನೆಯ ಸಾಲು

ನೈವಾಶಾದ ಕೆರೆ ಇನ್ನೂ ಮಂಜಿನೊಳಗೆ.
ನೀರಾನೆಗಳು ಮೇದು ಮರಳಿದ ಹೆಜ್ಜೆಗುಂಡಿ ದಾಟಿ
ನಂಜಾಲ ಪ್ಲಾಸ್ಟಿಕ್ಕಿನ ಬಾಗಿಲು ಸರಿಸುತ್ತಾಳೆ:
ಏಳನೆಯ ಹಸಿರುಮನೆ, ಮೂವತ್ತೆರಡನೆಯ ಸಾಲು.
ಗುಲಾಬಿ ಇನ್ನೂ ಮೊಗ್ಗು,
ಫೆಬ್ರವರಿ ಹದಿನಾಲ್ಕಕ್ಕೆ ಇನ್ನು ಹದಿನೆಂಟು ದಿನ.

ಕೊರಳ ದಾರದಲ್ಲಿ ಭೂತಗನ್ನಡಿ.
ಎಲೆ ಮಗುಚುತ್ತಾಳೆ,
ಮಲಗಿದ ಮಗುವಿನ ಕಿವಿ ಮಗುಚಿ ನೋಡುವಂತೆ.
ಕೆಳಗೆ ಬೂದಿಯಂಥ ಬಲೆ, ಸತ್ತ ನುಸಿಗಳ ಒಣ ಚಿಪ್ಪು.
ಅವುಗಳ ನಡುವೆ ಬೆನ್ನ ಮೇಲೆ ಎರಡು ಕರಿಚುಕ್ಕೆ ಹೊತ್ತು
ಒಬ್ಬಳು ನಡೆಯುತ್ತಿದ್ದಾಳೆ,
ಸಂತೆಗೆ ತಡವಾದವಳ ಹಾಗೆ.

ಮೊನ್ನೆಯಷ್ಟೇ ಮುಸುಂಬಾ ಹಳದಿ ಕವಚ ತೊಟ್ಟು
ಮೂರನೆಯ ಸಲ ಹೊಡೆದಿದ್ದ.
ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂದು ನಾವು ನಗುತ್ತೇವೆ;
ಇದು ಗುಬ್ಬಿಯ ಕಾಲುಗುರಿಗಿಂತ ಕಿರಿದು,
ಅಸ್ತ್ರವೇ ನಾಚಿ ಡಬ್ಬಿಗೆ ಮರಳಿತು.

ನೈರೋಬಿಯಲ್ಲಿ ಕ್ಯೋಕೊ ಎಂಬ ಹುಡುಗ
ಇವಳ ಅಕ್ಕತಂಗಿಯರನ್ನು ಅರೆದು, ಸೋಸಿ,
ಒಳಗಿನ ಬರಹ ಓದಿಸಿದ.
ಜೀವಕೋಶದ ಉಸಿರಿನ ಒಲೆಯ ಬಳಿ
ವಿಷ ಬಂದು ಕೂರುವ ಮಣೆಯೊಂದಿದೆ.
ಅಲ್ಲಿ ಒಂದಕ್ಷರ ತಪ್ಪಿದೆ, ಅಷ್ಟೇ,
ಕೊಂಬು ಬಿಟ್ಟ ಕಾಗುಣಿತದಷ್ಟು:
ನೂರಿಪ್ಪತ್ತಾರನೆಯ ಜಾಗದಲ್ಲಿ
ಗ್ಲೈಸೀನ್ ಎದ್ದುಹೋಗಿ ಸೀರೀನ್ ಕೂತಿದೆ.
ತುಸು ಆಚೆ ಇನ್ನೊಂದು ತಪ್ಪು, ಇದಕ್ಕೆ ಒತ್ತಾಸೆಯಾಗಿ.
ಉರಿ ಆರಲಿಲ್ಲ.
ಬಂದ ವಿಷ ಮಣೆ ಸಿಗದೆ
ಹೊಸಿಲಲ್ಲೇ ನಿಂತು ಹೋಯಿತು.

ತಪ್ಪನ್ನು ಬರೆದದ್ದು ಔಷಧಿಯಲ್ಲ.
ಅದು ಮುಂಚೆಯೇ ಇತ್ತು, ಯಾವ ಲಾಭವೂ ಇಲ್ಲದೆ,
ಲಕ್ಷದಲ್ಲೊಬ್ಬಳ ಹೊಟ್ಟೆಯಲ್ಲಿ;
ಉಳಿದವರನ್ನು ಕೊಂದು
ಅವಳ ಹೆಸರಿಗೆ ತೋಟ ಬರೆದುಕೊಟ್ಟೆವು.

ಕ್ಯೋಕೊ ಫೋನಿನಲ್ಲಿ ಹೇಳಿದ:
ಇದು ತಾಯಿಯಿಂದ ಮಾತ್ರ ಬರುವುದು, ಅಪ್ಪನದೇನೂ ನಡೆಯದು.
ಗಂಡು ನುಸಿಗಂತೂ ಅಪ್ಪನೇ ಇಲ್ಲ;
ಅಮ್ಮ ಕೊಟ್ಟದ್ದನ್ನು ಹೊತ್ತು ತಿರುಗುತ್ತಾನೆ,
ಯಾರಿಗೂ ದಾಟಿಸಲಾರ.
ನಂಜಾಲ ನಕ್ಕಳು, ಲೈನು ಕಡಿದುಹೋಗುವಷ್ಟು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ.
ಅವಳ ಬುಕುಸು ನುಡಿಯಲ್ಲಿ ಇದಕ್ಕೇನನ್ನುವರೋ ನನಗೆ ತಿಳಿಯದು.
ಎಲೆಯಡಿ ನೂಲೂ ಇದೆ, ಮಗಳೂ ಇದ್ದಾಳೆ,
ವಾರ ಕಳೆದರೆ ಮೊಗ್ಗುಮೊಗ್ಗಿಗೂ ಸೀರೆ.

ಹಸಿವಿನ ತಿಂಗಳಲ್ಲಿ ಹುಟ್ಟಿದ್ದಕ್ಕೆ ನಂಜಾಲ ಎಂದರು.
ಹೆಸರಿಟ್ಟ ಅಮ್ಮ ಬುಂಗೋಮಾದಲ್ಲಿ ಈಗಲೂ
ಹಗಲೂಟ ಮರೆತೇ ಇರುತ್ತಾಳೆ.
ಇವಳಿಗೂ ಮಧ್ಯಾಹ್ನದ ಗಂಟೆ ಕೇಳಿಸುವುದಿಲ್ಲ.

ಮ್ಯಾನೇಜರನ ಕಾಗದದಲ್ಲಿ ನಾಲ್ಕನೆಯ ಔಷಧಿಯ ಹೆಸರಿದೆ.
ಅವಳು ಮಡಚಿ ಜೇಬಿಗಿಟ್ಟು, ತಣ್ಣನೆಯ ಕೋಣೆಯಿಂದ
ಬೇಟೆನುಸಿಗಳ ಸೀಸೆ ತಂದು
ತೌಡಿನ ಜೊತೆ ಎಲೆಗೆ ಉದುರಿಸುತ್ತಾಳೆ,
ಪಲ್ಯಕ್ಕೆ ಉಪ್ಪಿನಂತೆ, ಕೈಯಳತೆ.
ಕಿತ್ತಳೆ ಬಣ್ಣದ ಇವಕ್ಕೆ ಕಾಗುಣಿತದ ಗೊಡವೆಯಿಲ್ಲ,
ತಪ್ಪಿದ್ದರೂ ತಿನ್ನುತ್ತವೆ.

ಆಮೇಲೆ ಪಟ್ಟಿ ತೆಗೆದು
ಮೂವತ್ತೆರಡರ ಎದುರು ಬರೆಯುತ್ತಾಳೆ: ಒಂದು.
ಪೆನ್ನು ಎತ್ತಿ, ಮತ್ತೆ ಕನ್ನಡಿ ಹಿಡಿದು ನೋಡುತ್ತಾಳೆ.
ಒಂದರ ಕಾಲಬುಡದಲ್ಲಿ ಮುತ್ತಿನಂಥ ಮೊಟ್ಟೆ.
ಅದನ್ನು ಬರೆಯಲು ಪಟ್ಟಿಯಲ್ಲಿ ಮನೆಯಿಲ್ಲ.