ಬೊಂಡಾಸ್

ಹತ್ತು ಕೈ ಅದಕ್ಕೆ, ಎಂಟಲ್ಲ;
ಐಸ್ ಪ್ಲಾಂಟಿನ ಲಿಗೋರಿಗೆ ಗೊತ್ತಿಲ್ಲವೆ?
ಛತ್ರಿಕಡ್ಡಿ ಹತ್ತು, ಮಂಜೇಶ್ವರದ ಗುಜರಿಯಿಂದ
ಹಳೇ ಮಾರುತಿಯ ವೈಪರ್ ಮೋಟರು,
ಚರ್ಮಕ್ಕೆ ಕ್ರಿಸ್ಮಸ್ಸಿನ ಸೀರಿಯಲ್ ಲೈಟು,
ಮೇಲೆ ಹೆಂಡತಿಯ ಮದುವೆಯ ವೇಲು.
ಹೊಟ್ಟೆಯೊಳಗೆ ಗಾಜು ತೊಳೆಯುವ ಪಂಪು,
ಒಂದು ಬಾಟಲಿ ಶಾಯಿ.
“ಕೆಂಪು ಗುಂಡಿ ಮಾತ್ರ ಕೊನೆಗೆ, ಪರದೆ ಬೀಳುವಾಗ.”

ವೇದಿಕೆಯಲ್ಲಿ ಮಗ ನೀಲಿಯಾದ,
ಕಂದಿದ, ಕೆಂಪಾದ.
ತೀರ್ಪುಗಾರರು ಮೈಕು ಹಿಡಿದು ಬಗ್ಗಿದರು:
“ಇದೆಲ್ಲ ನೀನೇ ಮಾಡಿದ್ದಾ?”

ಚುರ್ರ್!
ಇಸ್ತ್ರಿಯ ಬಿಳಿ ಮುಂಡು, ಕನ್ನಡಕ, ಅಂಕದ ಹಾಳೆ.

ಬಹುಮಾನ ಹೋದದ್ದು
ಮೀನು ಮಾರುವವಳ ವೇಷಕ್ಕೆ.

ರಿಕ್ಷಾದ ಹೊರಗೆ ಒಂದು ಕೈ
ಉಪ್ಪಳದವರೆಗೂ ಹೆದ್ದಾರಿಗೆ ಟಾಟಾ ಮಾಡುತ್ತಲೇ ಇತ್ತು.
ಒಳಗೆ ಲಿಗೋರಿ, ಮಗನ ಬೆರಳು ಒರೆಸುತ್ತ:
“ಹೆದರಿದರೆ ಅದೂ ಅಷ್ಟೇ ಮಾಡುವುದು, ಮಾರಾಯ.”