ಹೆಬ್ಬೆರಳಿನಗಲದ ಜಾಗ

ಬಂದರಿನಲ್ಲಿ ಚೆಯ್ಯಬ್ಬನ ಕ್ಯಾಸೆಟ್ಟಂಗಡಿ.
ಅರಬ್ಬಿ ಹಾಡುಗಳಿಗೆ ಕನ್ನಡದಲ್ಲಿ ಹೆಸರು
ಬರೆಯುವವ ನಾನು, ಒಂದಕ್ಕೆ ನಾಲ್ಕಾಣೆ.

‘ಲೈಲ್ ಅಂದರೆ ರಾತ್ರಿ’ ಎಂದ. ಬರೆದೆ.
‘ಬರೀ ರಾತ್ರಿ ಅಲ್ಲ ಮಾರಾಯ, ಕರೆಯುತ್ತಾನಲ್ಲ ಅವ.’
‘ಓ ರಾತ್ರಿಯೇ’: ನಾಟಕ ಕಂಪೆನಿಯ ರಾಜ ಬಂದ.
‘ರಾತ್ರೀ’ ಎಂದು ಎಳೆದರೆ
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ತಪ್ಪಿದವರ ಕೂಗು.
ಕೊನೆಗೆ ಬರೀ ರಾತ್ರಿಯೇ ಉಳಿಯಿತು.

ದಮ್ಮಾಮಿನಲ್ಲಿ ಗಂಡನಿರುವ ಜುಲೇಖಾ
ಕೊಂಡುಹೋದವಳು ಮಾರನೇ ದಿನ ವಾಪಸು ತಂದಳು:
‘ಹೆಸರು ತಪ್ಪು. ಅವ ರಾತ್ರಿಯನ್ನು ಕರೆಯುವುದಲ್ಲ,
ಬೇಗ ಮುಗಿ ಅನ್ನುವುದು.’
‘ನಿಮಗೆ ಅರಬ್ಬಿ ಬರುತ್ತದಾ?’
‘ಓದಲು ಬರುತ್ತದೆ. ಅರ್ಥ ಗೊತ್ತಿಲ್ಲ.’

ಪೆನ್ನು ತೆರೆದು ಕೂತೆ.
ಅವಳೇ ಬೆರಳು ಒದ್ದೆಮಾಡಿ ಉಜ್ಜಿದಳು;
ಶಾಯಿ ಹರಡಿ ಲೇಬಲ್ಲಿಡೀ ಕಪ್ಪಾಯಿತು.
‘ಈಗ ಸರಿ’ ಎಂದು
ಮೀನಿನ ಚೀಲಕ್ಕೆ ತಾಗದ ಹಾಗೆ
ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋದಳು.