ನಲವತ್ತೊಂದನೆಯ ನುಡಿ

ನಮ್ಮ ಫರೋ ದ್ವೀಪದ ಕುಣಿತಕ್ಕೆ ವಾದ್ಯವಿಲ್ಲ.
ನೆಲದ ಹಲಗೆಯೇ ಹಲಗೆ, ಹಿಮ್ಮಡಿಯೇ ಕೋಲು.
ಕ್ರಿಸ್‌ಮಸ್ ಕಳೆದು, ದೋಣಿಗಳನ್ನು ಮೇಲಕ್ಕೆಳೆದು ಬಿಗಿದ ಮೇಲೆ
ಹನ್ನೊಂದು ಮನೆಯ ಜನ ಒಂದೇ ಕೋಣೆಯಲ್ಲಿ
ಕೈಗೆ ಕೈ ಕೋದು ಸುತ್ತು ನಿಂತು,
ಸುತ್ತು ಹಿಡಿಸದೆ ಒಳಕ್ಕೆ ಮಡಿಚಿ, ಮತ್ತೆ ಹೊರಕ್ಕೆ ಮಡಿಚಿ
ಕುರಿಯ ಕರುಳಿನ ಹಾಗೆ ಸುರುಳಿಯಾಗಿ,
ಎಡಕ್ಕೆರಡು ಹೆಜ್ಜೆ, ಬಲಕ್ಕೊಂದು.
ಅಷ್ಟು ಕುಣಿದರೂ ಮುಂದಕ್ಕೆ ಸಾಗುವುದು
ಒಂದೊಂದೇ ಅಡಿ. ಕತೆಯೂ ಹಾಗೆಯೇ.

ನಡೆಸುವವನು ಹೇಯಿನ್.
ಉಲ್ವನ ಹಾಡು ಅವನಿಗೆ ಸೋದರತ್ತೆಯಿಂದ ಬಂದದ್ದು,
ಎಂಬತ್ತಾರು ನುಡಿ, ಒಂದೂ ಕಾಗದ ಕಂಡಿಲ್ಲ.
ನಾವು ಪಲ್ಲವಿಗೆ ಬಾಯಿ ಕೂಡಿಸುವವರು,
ಉಳಿದದ್ದಕ್ಕೆ ಕಾಲು.

    ಅಲೆಯ ಮೇಲೆ ಅಲೆಯು ಬಂದು ಹಡಗು ದಡವ ಸೇರಿತು,
    ಉಲ್ವ ನೆಗೆದ, ಹಸಿಯ ಮರಳು ಕಾಲ ಗುರುತು ಹೀರಿತು.

ಇದು ನಲವತ್ತನೆಯದು.
ನಲವತ್ತೆರಡಕ್ಕೆ ಅವನು ಆಗಲೇ ದೊರೆಯ ಮನೆಯಲ್ಲಿ:

    ಊಟ ಮುಗಿದ ಮೇಜ ತುದಿಗೆ ಉಲ್ವ ಒಬ್ಬನುಳಿದನು,
    ಬೆರಳಿನಲ್ಲಿ ಇರದ ಉಂಗುರವನು ತಿರುವುತಿದ್ದನು.

ನಡುವೆ ಒಂದು ನುಡಿ ಇತ್ತು. ಉಂಗುರ ಹೋದದ್ದು ಅದರಲ್ಲಿ.
ಎಷ್ಟೋ ಚಳಿಗಾಲ ಕೇಳಿದ್ದೆವು. ಕೇಳಿದ್ದೆವು, ಅಷ್ಟೇ.
ತನ್ನ ಮನೆಯ ಮೆಟ್ಟಿಲು ಎಷ್ಟೆಂದು ಯಾರು ಎಣಿಸಿರುತ್ತಾರೆ?

ಮಾರ್ಚಿನಲ್ಲಿ ಹೇಯಿನನ ದೋಣಿ ಬಂತು, ಹೇಯಿನ್ ಬರಲಿಲ್ಲ.

ಮುಂದಿನ ಚಳಿಗಾಲ ತ್ರೋಂದುರ್ ನಡೆಸಿದ.
ನಲವತ್ತು ಮುಗಿಯಿತು. ಅವನ ಬಾಯಿ ತೆರೆದೇ ಇತ್ತು.
ಕಾಲು ನಿಲ್ಲಲಿಲ್ಲ. ಯಾರ ಕಾಲೂ ನಿಲ್ಲಲಿಲ್ಲ.
ಎಡಕ್ಕೆರಡು, ಬಲಕ್ಕೊಂದು, ಮಾತಿಲ್ಲದೆ ಒಂದು ಪೂರಾ ನುಡಿ
ಹಲಗೆಯ ಮೇಲೆ ನಡೆದು ಹೋಯಿತು.
ಆಮೇಲೆ ನಲವತ್ತೆರಡು.
ಅದೇ ರೂಢಿಯಾಯಿತು.

ರಾಜಧಾನಿಯಿಂದ ಟೇಪ್ ರೆಕಾರ್ಡರ್ ಹೊತ್ತು ಒಬ್ಬ ಬಂದ.
ಇಪ್ಪತ್ತು ಸೆಕೆಂಡು ಬರೀ ಕಾಲ್ಸದ್ದು ಸಿಕ್ಕಿತು ಅವನಿಗೆ,
‘ಲುಪ್ತ’ ಎಂದು ಬರೆದುಕೊಂಡ.
ಬಿಲ್ಲಾ ಮುದುಕಿ ಕಾಫಿ ಬಗ್ಗಿಸುತ್ತ ಅಂದಳು:
“ಲುಪ್ತ ಅಂದರೆ? ಕುಣಿದೆವಲ್ಲ, ಕಾಣಲಿಲ್ಲವೆ?”

ಒಂದು ಸಂಜೆ ಮೀನು ಸೀಳುವ ಷೆಡ್ಡಿನಲ್ಲಿ
ಹೇಯಿನನ ಹೆಂಡತಿ ಸುನ್ವೋರ್, ಬೆನ್ನು ನನ್ನ ಕಡೆಗೆ,
ಚಾಕುವಿನ ಲಯಕ್ಕೆ ಗುನುಗುತ್ತಿದ್ದಳು.
ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು.
ನಾನು ಬುಟ್ಟಿ ಇಳಿಸಿದ ಸದ್ದಿಗೆ ತಿರುಗಿದಳು.
“ಗೊತ್ತಿತ್ತೇ ನಿನಗೆ?”
“ಗೊತ್ತಿಲ್ಲದೆ? ಮೂವತ್ತು ವರ್ಷ ಅವನ ಪಕ್ಕದ ಕೈ ನನ್ನದು.”
“ಮತ್ತೆ?”
ಪಿತ್ತ ಒಡೆಯದಂತೆ ಬೆರಳಿಂದ ಬಿಡಿಸಿ ಪಕ್ಕಕ್ಕಿಟ್ಟಳು.
“ಆ ಒಂದು ನುಡಿಯ ಹೊತ್ತು
ಊರೆಲ್ಲ ಅವನಿಗೆ ಜಾಗ ಬಿಟ್ಟು ಕುಣಿಯುತ್ತದೆ.
ನಾನು ಹಾಡಿದರೆ ಅವನು ಎದ್ದು ಹೋಗಬೇಕಾಗುತ್ತದೆ.”

ಈಗ ಸುನ್ವೋರ್ ಇಲ್ಲ. ತ್ರೋಂದುರನ ಮೊಣಕಾಲು ಹೋಗಿದೆ.
ನಡೆಸುವವಳು ನಾನು. ಆ ನುಡಿ ನನ್ನ ಬಳಿ ಇದೆ,
ಕದ್ದದ್ದೋ ಕೊಟ್ಟದ್ದೋ ತಿಳಿಯದ ಸಾಮಾನಿನ ಹಾಗೆ.

ಈ ಸಲ ನಲವತ್ತಾಯಿತು. ಬಾಯಿ ಮುಚ್ಚಿದೆ. ಕಾಲು ನಡೆಯಿತು.
ಆಗ ಸುರುಳಿಯ ಒಳಮಡಿಕೆಯಿಂದ
ಏಳು ವರ್ಷದ ಮಾರ್ಯುನ್, ಮುಂದಿನೆರಡು ಹಲ್ಲಿಲ್ಲದವಳು:

    ಉಂಗುರವ ಕೊಟ್ಟು ಉಲ್ವ ಕೊಂಡನೊಂದು ಒಣಮೀನು,
    ಹಸಿದವನು ತಿಂದರೆ ನೀವೇ ಹೇಳಿ ತಪ್ಪೇನು?

ಒಂದೆರಡು ಮಾತ್ರೆ ಹೆಚ್ಚಾಯಿತು.
ಕಾಲುಗಳು ತುಸು ತಡವರಿಸಿ ಸರಿಮಾಡಿಕೊಂಡವು.
ಯಾರೋ ನಕ್ಕರು. ಅವಳ ತಾಯಿ ಅವಳ ಕೈ ಜಗ್ಗಿದಳು.
ಸುನ್ವೋರಳ ನುಡಿಯಲ್ಲಿ ಮೀನಿಲ್ಲ. ಹಸಿವೂ ಇಲ್ಲ.
ತಿದ್ದಬಹುದಿತ್ತು ನಾನು.

ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ.
ಮೇಜಿನ ತುದಿಯಲ್ಲಿ ಉಲ್ವ ಕಾಯುತ್ತಿದ್ದ.
ಎಡಕ್ಕೆರಡು ಹೆಜ್ಜೆ,